ಓದುಗರ ಪ್ರಶ್ನೆಗಳಿಗೆ ಉತ್ತರ: ಅಮೆರಿಕದ ಹೈಸ್ಕೂಲಿನ ಎರಡು ಎಪಿ ಇಂಗ್ಲಿಷ್ ಕೋರ್ಸುಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಂದಲೂ ಮಕ್ಕಳನ್ನು ಅಲ್ಲಿಯ ಕಾಲೇಜುಗಳಿಗೆ ಕಳಿಸುವ ಯೋಚನೆಯಲ್ಲಿರುವ ಇಲ್ಲಿಯ ಕುಟುಂಬಗಳಿಂದಲೂ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನಗಳ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲಿಯೇ ಕಲಿಸುವ ಕಾಲೇಜು ಮಟ್ಟದ) ಕೋರ್ಸುಗಳನ್ನು ಕುರಿತ ಪ್ರಶ್ನೆಗಳೇ ಹೆಚ್ಚು. ಇಂಗ್ಲಿಷ್ ಕೋರ್ಸುಗಳ ಬಗ್ಗೆ ಕೇಳುವವರು ಕಡಿಮೆ, ಆದರೆ ಕೇಳಿದವರ ಪತ್ರಗಳು ಉದ್ದವಾಗಿವೆ. ಅವುಗಳಲ್ಲಿ ಆರನ್ನು ಆಯ್ದು, ಬರೆದವರ ಹೆಸರುಗಳನ್ನು ಬಿಟ್ಟು, ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮಗಳು ಮುಂದಿನ ವರ್ಷ ಹನ್ನೊಂದನೆಯ ತರಗತಿಗೆ ಹೋಗುತ್ತಾಳೆ. ಶಾಲೆಯವರು ‘ಎಪಿ ಲ್ಯಾಂಗ್’ ತೆಗೆದುಕೊಳ್ಳಲು ಸೂಚಿಸಿದ್ದಾರೆ. ಅವಳಿಗೆ ಕಾದಂಬರಿ ಓದುವ ಹುಚ್ಚು, ಆದ್ದರಿಂದ ‘ಎಪಿ ಲಿಟ್’ ಬೇಕೆನ್ನುತ್ತಾಳೆ. ಲ್ಯಾಂಗ್ ಎಂದರೆ ವ್ಯಾಕರಣದ ಕೋರ್ಸು ಎಂದು ನಾನು ತಿಳಿದಿದ್ದೆ. ಎರಡರಲ್ಲಿ ಯಾವುದು ಮೊದಲು? — ತಾಯಿಯೊಬ್ಬರು, ನ್ಯೂಜೆರ್ಸಿ

ಉತ್ತರ: ಲ್ಯಾಂಗ್ ಎಂದು ಮಕ್ಕಳು ಮೊಟಕುಗೊಳಿಸಿ ಕರೆಯುವ ಕೋರ್ಸಿನ ಪೂರ್ಣ ಹೆಸರು ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್, ಲಿಟ್ ಎಂಬುದು ಇಂಗ್ಲಿಷ್ ಲಿಟರೇಚರ್ ಅಂಡ್ ಕಾಂಪೊಸಿಷನ್. ಎರಡನ್ನೂ ನಡೆಸುವುದು ಕಾಲೇಜ್ ಬೋರ್ಡ್ ಸಂಸ್ಥೆ. ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲಿಯೇ ಕಲಿಸುವ ಎಪಿ ವ್ಯವಸ್ಥೆಯನ್ನು ಆ ಸಂಸ್ಥೆ 1955ರಿಂದ ನಡೆಸಿಕೊಂಡು ಬಂದಿದೆ. ಲ್ಯಾಂಗ್ ವ್ಯಾಕರಣದ ಕೋರ್ಸು ಅಲ್ಲವೇ ಅಲ್ಲ. ಅಲ್ಲಿ ಓದುವುದು ಮುಖ್ಯವಾಗಿ ಕಾಲ್ಪನಿಕವಲ್ಲದ ಗದ್ಯವನ್ನು, ಅಂದರೆ ಭಾಷಣ, ಪತ್ರ, ಪ್ರಬಂಧ, ಆತ್ಮಕಥೆಯ ಭಾಗ, ಪತ್ರಿಕಾ ಲೇಖನ ಮುಂತಾದವನ್ನು. ಬರೆಯುವುದು ವಾದವನ್ನು: ತನ್ನದೇ ವಾದವನ್ನು ಕಟ್ಟುವುದು ಮತ್ತು ಇನ್ನೊಬ್ಬರ ವಾದ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಬಿಡಿಸಿ ತೋರಿಸುವುದು. ಲಿಟ್‌ನಲ್ಲಿ ಸಣ್ಣಕಥೆ, ಕವಿತೆ, ಕಾದಂಬರಿ, ನಾಟಕಗಳಿವೆ. ಅದರ ಒಂಬತ್ತು ಘಟಕಗಳು ಈ ಪ್ರಕಾರಗಳನ್ನೇ ಮೂರು ಸುತ್ತಿನಲ್ಲಿ, ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಕಠಿಣಗೊಳಿಸುತ್ತ, ಕಲಿಸುವಂತೆ ಯೋಜಿತವಾಗಿವೆ.

ಸಾಮಾನ್ಯವಾಗಿ ಹನ್ನೊಂದರಲ್ಲಿ ಲ್ಯಾಂಗ್, ಹನ್ನೆರಡರಲ್ಲಿ ಲಿಟ್ ಎಂಬ ಕ್ರಮ ರೂಢಿಯಲ್ಲಿದೆ. ಇದು ಕಾಲೇಜ್ ಬೋರ್ಡಿನ ಕಟ್ಟಳೆಯಲ್ಲ, ಶಾಲೆಗಳು ತಾವಾಗಿ ಮಾಡಿಕೊಂಡ ಅನುಕೂಲ; ಕೆಲವು ಶಾಲೆಗಳಲ್ಲಿ ಕ್ರಮವನ್ನು ಬದಲಾಯಿಸಲು ಬಿಡುತ್ತಾರೆ, ಹಲವೆಡೆ ಬಿಡುವುದಿಲ್ಲ. ಎರಡನ್ನೂ ಓದುವ ಅವಕಾಶವಿದ್ದರೆ ರೂಢಿಯ ಕ್ರಮವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಒಂದು ವ್ಯಾವಹಾರಿಕ ಕಾರಣವೂ ಇದೆ. ಪರೀಕ್ಷೆ ಮೇ ತಿಂಗಳಲ್ಲಿ ನಡೆದು ಅಂಕಗಳು ಜುಲೈಯಲ್ಲಿ ಬರುವುದರಿಂದ, ಹನ್ನೊಂದರಲ್ಲಿ ಪಡೆದ ಅಂಕವನ್ನು ಕಾಲೇಜಿನ ಅರ್ಜಿಯಲ್ಲಿ ನಮೂದಿಸಬಹುದು. ಹನ್ನೆರಡರಲ್ಲಿ ಪಡೆಯುವ ಅಂಕ ಬರುವಷ್ಟರಲ್ಲಿ ಪ್ರವೇಶದ ತೀರ್ಮಾನಗಳೆಲ್ಲ ಮುಗಿದಿರುತ್ತವೆ. ಒಂದೇ ಕೋರ್ಸಿಗೆ ಜಾಗವಿದೆ ಎಂದಾದರೆ, ಮುಂದೆ ಎಂಜಿನಿಯರಿಂಗ್ ಓದಲಿ, ವಕೀಲಿ ಓದಲಿ, ಎಲ್ಲೆಡೆ ಬೇಕಾಗುವ ಬರವಣಿಗೆಯನ್ನು ಕಲಿಸುವ ಲ್ಯಾಂಗ್ ಹೆಚ್ಚು ಉಪಯುಕ್ತ. ಆದರೆ ಕಾದಂಬರಿಯ ಹುಚ್ಚಿರುವ ಹುಡುಗಿಯಿಂದ ಲಿಟ್ ಅನ್ನು ತಪ್ಪಿಸಿ, ಆ ಜಾಗದಲ್ಲಿ ಮತ್ತೊಂದು ಗಣಿತದ ಕೋರ್ಸನ್ನು ಕೂರಿಸುವುದು ಬೇಡ.

ಇನ್ನೊಂದು ವಿಷಯ ಪೋಷಕರಿಗೆ ಗೊತ್ತಿರಬೇಕು. ಈ ಎರಡೂ ಕೋರ್ಸುಗಳಿಗೆ ನಿಗದಿತ ಪಠ್ಯಪುಸ್ತಕವಿಲ್ಲ. ಏನನ್ನು ಓದಿಸಬೇಕು ಎಂಬುದನ್ನು ಶಿಕ್ಷಕರೇ ಆರಿಸುತ್ತಾರೆ. ಅವರ ಪಠ್ಯಯೋಜನೆ ಕಾಲೇಜ್ ಬೋರ್ಡಿನ ಒಪ್ಪಿಗೆಗೆ ಹೋಗುತ್ತದೆ. ಆದ್ದರಿಂದ ಶಾಲೆಯ ಸಭೆಯಲ್ಲಿ ‘ಎಷ್ಟು ಮಂದಿಗೆ 5 (ಎಪಿಯ ಗರಿಷ್ಠ ಅಂಕ) ಬಂದಿದೆ’ ಎಂದು ಕೇಳುವುದಕ್ಕಿಂತ, ವರ್ಷದಲ್ಲಿ ಯಾವ ಕೃತಿಗಳನ್ನು ಓದಿಸುತ್ತೀರಿ, ಮಕ್ಕಳು ಬರೆದ ಪ್ರಬಂಧಗಳಲ್ಲಿ ಎಷ್ಟನ್ನು ಟಿಪ್ಪಣಿ ಬರೆದು ಹಿಂದಿರುಗಿಸುತ್ತೀರಿ, ತಿದ್ದಿ ಮತ್ತೆ ಬರೆಯಲು ಅವಕಾಶವಿದೆಯೇ ಎಂದು ಕೇಳಿದರೆ ಕೋರ್ಸಿನ ಗುಣ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ಪ್ರಶ್ನೆ: ನನ್ನ ಮಗ ಗಣಿತದಲ್ಲಿ ಮುಂದಿದ್ದಾನೆ. ಎಪಿ ಲ್ಯಾಂಗ್‌ನಲ್ಲಿ ‘ರೆಟಾರಿಕಲ್ ಅನಾಲಿಸಿಸ್’ ಎಂಬ ಪ್ರಬಂಧದಲ್ಲಿ ಮಾತ್ರ ಪ್ರತಿ ಬಾರಿಯೂ ಆರಕ್ಕೆ ಎರಡೋ ಮೂರೋ ಅಂಕ ಬರುತ್ತಿದೆ. ಶಿಕ್ಷಕಿ ‘ಸಾರಾಂಶ ಬೇಡ, ವಿಶ್ಲೇಷಣೆ ಮಾಡು’ ಎಂದು ಬರೆಯುತ್ತಾರೆ. ವಿಷಯವನ್ನೆಲ್ಲ ಸರಿಯಾಗಿಯೇ ಬರೆದಿದ್ದಾನೆ ಎಂದು ನನಗೆ ಕಾಣುತ್ತದೆ. ತಪ್ಪುತ್ತಿರುವುದು ಎಲ್ಲಿ? — ತಂದೆಯೊಬ್ಬರು, ಕ್ಯಾಲಿಫೋರ್ನಿಯಾ

ಉತ್ತರ: ಮೊದಲು ಪರೀಕ್ಷೆಯ ಸ್ವರೂಪವನ್ನು ಚಿಕ್ಕದಾಗಿ ಹೇಳುತ್ತೇನೆ. ಲ್ಯಾಂಗ್ ಪರೀಕ್ಷೆ 3 ಗಂಟೆ 15 ನಿಮಿಷದ್ದು. ಮೊದಲ ಒಂದು ಗಂಟೆಯಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳಿದ್ದು, ಒಟ್ಟು ಅಂಕದಲ್ಲಿ ಅವುಗಳ ಪಾಲು ಶೇ 45. ಉಳಿದ ಸಮಯದಲ್ಲಿ, 15 ನಿಮಿಷದ ಓದಿನ ಅವಧಿಯೂ ಸೇರಿ, ಮೂರು ಪ್ರಬಂಧಗಳನ್ನು ಬರೆಯಬೇಕು. ಅವುಗಳ ಪಾಲು ಶೇ 55. ಒಂದು, ಕೊಟ್ಟ ಆರು ಆಕರಗಳಲ್ಲಿ ಕನಿಷ್ಠ ಮೂರನ್ನು ಬಳಸಿಕೊಂಡು ತನ್ನ ನಿಲುವನ್ನು ಮಂಡಿಸುವ ಸಿಂಥೆಸಿಸ್ ಪ್ರಬಂಧ. ಎರಡು, ನಿಮ್ಮ ಮಗನಿಗೆ ಕಷ್ಟವಾಗಿರುವ ರೆಟಾರಿಕಲ್ ಅನಾಲಿಸಿಸ್, ಅಂದರೆ ಕೊಟ್ಟ ಬರಹದಲ್ಲಿ ಲೇಖಕರು ಮಾತನ್ನು ಹೇಗೆ ಬಳಸಿ ತಮ್ಮ ವಾದವನ್ನು ಕಟ್ಟಿದ್ದಾರೆ ಎಂಬುದರ ವಿಶ್ಲೇಷಣೆ. ಮೂರು, ಯಾವ ಆಕರವನ್ನೂ ಕೊಡದೆ, ಸ್ವಂತ ಓದು ಮತ್ತು ಅನುಭವದಿಂದ ವಾದ ಮಾಡಬೇಕಾದ ಆರ್ಗ್ಯುಮೆಂಟ್. ಪ್ರತಿಯೊಂದಕ್ಕೂ 6 ಅಂಕ: ಸ್ಪಷ್ಟವಾದ ಪ್ರತಿಪಾದನೆಗೆ 1, ಆಧಾರ ಮತ್ತು ಅದರ ವಿವರಣೆಗೆ 4, ಆಲೋಚನೆಯ ಅಥವಾ ಶೈಲಿಯ ಪ್ರೌಢಿಮೆಗೆ 1. ಈ ಕೊನೆಯ ಅಂಕ ಕೆಲವೇ ಪ್ರಬಂಧಗಳಿಗೆ ದಕ್ಕುವಂಥದ್ದು. ಅದರ ಬೆನ್ನು ಹತ್ತಿ ದೊಡ್ಡ ದೊಡ್ಡ ಪದಗಳನ್ನು ತುಂಬುವ ಮಕ್ಕಳು ನಡುವಿನ ನಾಲ್ಕು ಅಂಕಗಳಲ್ಲಿ ಕಳೆದುಕೊಳ್ಳುವುದೇ ಹೆಚ್ಚು.

2019ರ ಪ್ರಶ್ನೆಪತ್ರಿಕೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆ ವರ್ಷದ ಸಿಂಥೆಸಿಸ್ ಪ್ರಶ್ನೆ ಗಾಳಿವಿದ್ಯುತ್ ಸ್ಥಾವರಗಳನ್ನು ಸ್ಥಾಪಿಸುವಾಗ ಯಾವ ಅಂಶಗಳನ್ನು ಗಮನಿಸಬೇಕು ಎಂಬುದಾಗಿತ್ತು. ಎರಡನೆಯ ಪ್ರಶ್ನೆಗೆ ಕೊಟ್ಟಿದ್ದು ನಮಗೆಲ್ಲ ಹತ್ತಿರದ ಬರಹ: ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ, 1930ರ ಮಾರ್ಚ್ 2ರಂದು, ಗಾಂಧೀಜಿ ವೈಸ್‌ರಾಯ್ ಲಾರ್ಡ್ ಇರ್ವಿನ್‌ಗೆ ಬರೆದ ಪತ್ರದ ಕೊನೆಯ ಭಾಗ. ತಮ್ಮ ವಾದವನ್ನು ಮಂಡಿಸಲು ಗಾಂಧೀಜಿ ಮಾತಿನ ಯಾವ ಆಯ್ಕೆಗಳನ್ನು ಮಾಡಿಕೊಂಡಿದ್ದಾರೆ ಎಂಬುದನ್ನು ವಿಶ್ಲೇಷಿಸಿ ಎಂದು ಕೇಳಲಾಗಿತ್ತು.

ಭಾರತೀಯ ಮೂಲದ ವಿದ್ಯಾರ್ಥಿಗೆ ಇದು ಸುಲಭವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ತೊಡಕು ಇರುವುದು ಅಲ್ಲಿಯೇ. ದಂಡಿ ಯಾತ್ರೆಯ ಕಥೆ ಗೊತ್ತಿರುವ ಹುಡುಗ, ಅಜ್ಜನಿಂದ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಕಥೆಯನ್ನೂ ಕೇಳಿದ್ದರೆ, ಆ ಚರಿತ್ರೆಯನ್ನೆಲ್ಲ ಎರಡು ಪುಟ ಬರೆದು ಬರುತ್ತಾನೆ. ಬರೆದದ್ದೆಲ್ಲ ನಿಜವಿರುತ್ತದೆ, ಪ್ರಶ್ನೆಗೆ ಉತ್ತರವಿರುವುದಿಲ್ಲ. ನಿಮ್ಮ ಮಗನ ಪ್ರಬಂಧಗಳನ್ನು ನಾನು ನೋಡಿಲ್ಲ. ಆದರೂ ‘ವಿಷಯವನ್ನೆಲ್ಲ ಸರಿಯಾಗಿಯೇ ಬರೆದಿದ್ದಾನೆ’ ಎಂಬ ನಿಮ್ಮ ಮಾತನ್ನು ಓದಿದಾಗ ಅವನ ತೊಂದರೆಯೂ ಇದೇ ಇರಬೇಕೆಂದು ತೋರುತ್ತದೆ.

ಮೂರು ಬಗೆಯ ವಾಕ್ಯಗಳನ್ನು ಹೋಲಿಸಿ ನೋಡಿ. ‘ಸರ್ಕಾರ ಸ್ಪಂದಿಸದಿದ್ದರೆ ಉಪ್ಪಿನ ಕಾನೂನನ್ನು ಮುರಿಯುವುದಾಗಿ ಗಾಂಧೀಜಿ ಹೇಳುತ್ತಾರೆ’ ಎಂಬುದು ಸಾರಾಂಶ. ‘ಗಾಂಧೀಜಿ ಭಾವಪೂರ್ಣ ಪದಗಳನ್ನು ಬಳಸುತ್ತಾರೆ, ಇದು ಓದುಗರ ಮನಸ್ಸಿನ ಮೇಲೆ ಪರಿಣಾಮ ಬೀರುತ್ತದೆ’ ಎಂಬುದು ವಿಶ್ಲೇಷಣೆಯ ವೇಷ ಹಾಕಿದ ಪೊಳ್ಳು ಮಾತು. ಈ ವಾಕ್ಯವನ್ನು ಜಗತ್ತಿನ ಯಾವ ಭಾಷಣದ ಮೇಲೆ ಬೇಕಾದರೂ ಅಂಟಿಸಬಹುದು. ಮೂರನೆಯದು ಹೀಗಿರಬಹುದು: ‘ಕಾನೂನನ್ನು ಯಾವ ದಿನ ಮುರಿಯುತ್ತೇನೆ ಎಂಬುದನ್ನು ಮುಂಚಿತವಾಗಿಯೇ ತಿಳಿಸುವ ಮೂಲಕ ಗಾಂಧೀಜಿ ತಮ್ಮ ನಡೆಯಿಂದ ಗುಟ್ಟನ್ನೇ ತೆಗೆದುಹಾಕುತ್ತಾರೆ. ಗುಟ್ಟಿಲ್ಲದ ಕೆಲಸವನ್ನು ಪಿತೂರಿ ಎಂದು ಕರೆಯಲಾಗದು. ತಮ್ಮನ್ನು ಬಂಧಿಸುವ ದಾರಿ ವೈಸ್‌ರಾಯ್‌ಗೆ ತೆರೆದೇ ಇದೆ ಎಂದು ತಾವೇ ನೆನಪಿಸುವುದರಿಂದ, ಬಂಧಿಸಿದರೆ ಕಾರಣ ಹೇಳಬೇಕಾದವನು ಬಂಧಿಸಿದವನೇ ಎಂಬ ಸ್ಥಿತಿ ಉಂಟಾಗುತ್ತದೆ.’ ಈ ಮೂರನೆಯ ವಾಕ್ಯಗುಚ್ಛದಲ್ಲಿ ಪತ್ರದ ಒಂದು ನಿರ್ದಿಷ್ಟ ಆಯ್ಕೆ ಇದೆ, ಅದನ್ನು ಓದುತ್ತಿರುವವನು ಯಾರು ಎಂಬ ಅರಿವಿದೆ, ಆ ಆಯ್ಕೆ ಅವನ ಮೇಲೆ ಏನು ಮಾಡುತ್ತದೆ ಎಂಬ ವಿವರಣೆಯಿದೆ. ಈ ಮೂರರಲ್ಲಿ ಒಂದು ಬಿಟ್ಟುಹೋದರೂ ಅಂಕ ಎರಡು, ಮೂರರಲ್ಲಿಯೇ ನಿಂತುಬಿಡುತ್ತದೆ.

ಅದೇ ಪತ್ರದಲ್ಲಿ ಇನ್ನೂ ಎಷ್ಟೋ ಇದೆ. ಇದು ಬೆದರಿಕೆಯಲ್ಲ, ಸತ್ಯಾಗ್ರಹಿಯ ಕರ್ತವ್ಯ ಎಂದು ಅವರು ಸ್ಪಷ್ಟಪಡಿಸುತ್ತಾರೆ. ಬ್ರಿಟಿಷ್ ಜನರಿಗೆ ಕೇಡು ಬಯಸುವುದಿಲ್ಲ, ಅವರ ಮನಸ್ಸನ್ನು ಪರಿವರ್ತಿಸುವುದೇ ತಮ್ಮ ಹಂಬಲ ಎನ್ನುತ್ತಾರೆ. ಉಪ್ಪಿನ ತೆರಿಗೆಯನ್ನು ಬಡವನ ಕಣ್ಣಿನಿಂದ ನೋಡಿದಾಗ ಅತ್ಯಂತ ಅನ್ಯಾಯದ ತೆರಿಗೆ ಎನ್ನುತ್ತಾರೆ. ಬೆದರಿಕೆಯಲ್ಲ ಎನ್ನುವ ಮಾತು ಮತ್ತು ನಿಗದಿತ ದಿನವನ್ನು ಹೇಳುವ ಮಾತು ಒಂದೇ ಪತ್ರದಲ್ಲಿ ಹೇಗೆ ಒಟ್ಟಿಗೆ ನಿಂತಿವೆ ಎಂದು ಯೋಚಿಸುವ ವಿದ್ಯಾರ್ಥಿಗೆ ಪ್ರೌಢಿಮೆಯ ಆ ಆರನೆಯ ಅಂಕವೂ ಸಿಗುವ ಸಾಧ್ಯತೆಯಿದೆ. ಏಕೆಂದರೆ ಪರೀಕ್ಷಕರು ಹುಡುಕುವುದು ಇಂಥ ಒಳಗಿನ ಎಳೆದಾಟವನ್ನು ಗುರುತಿಸಿದವರನ್ನು.

ಅಭ್ಯಾಸಕ್ಕೆ ನನ್ನ ಸಲಹೆ ಇಷ್ಟೇ. ಹಳೆಯ ವರ್ಷಗಳ ಪ್ರಬಂಧ ಪ್ರಶ್ನೆಗಳನ್ನೂ, ವಿದ್ಯಾರ್ಥಿಗಳು ಬರೆದ ಮಾದರಿ ಉತ್ತರಗಳನ್ನೂ, ಅವುಗಳಿಗೆ ಯಾಕೆ ಅಷ್ಟು ಅಂಕ ಎಂಬ ಟಿಪ್ಪಣಿಗಳನ್ನೂ ಕಾಲೇಜ್ ಬೋರ್ಡ್ ತಾನೇ ಉಚಿತವಾಗಿ ಪ್ರಕಟಿಸುತ್ತದೆ. ನಿಮ್ಮ ಮಗ ಒಂದು ತಿಂಗಳು ಹೊಸ ಪ್ರಬಂಧ ಬರೆಯುವುದನ್ನು ನಿಲ್ಲಿಸಿ, ಆ ಮಾದರಿಗಳಿಗೆ ಮೊದಲು ತಾನೇ ಅಂಕ ಕೊಟ್ಟು, ಅನಂತರ ಟಿಪ್ಪಣಿಯೊಂದಿಗೆ ಹೋಲಿಸಿ ನೋಡಲಿ. ಗಣಿತದ ಹುಡುಗನಿಗೆ, ನಡುವಿನ ಹೆಜ್ಜೆಗಳನ್ನು ಬಿಟ್ಟು ಬರೀ ಉತ್ತರ ಬರೆದರೆ ಅಂಕ ಹೋಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಕಳೆದುಹೋಗುತ್ತಿರುವುದು ಆ ನಡುವಿನ ಹೆಜ್ಜೆಗಳೇ.

ಪ್ರಶ್ನೆ: ನಾವು ಮನೆಯಲ್ಲಿ ಕನ್ನಡವನ್ನೇ ಮಾತನಾಡುತ್ತೇವೆ. ಹತ್ತಿರದವರು, ಹೀಗೆ ಮಾಡಿದರೆ ಎಪಿ ಇಂಗ್ಲಿಷ್‌ನಲ್ಲಿ ಮಗ ಹಿಂದೆ ಬೀಳುತ್ತಾನೆ ಎನ್ನುತ್ತಾರೆ. ಇದು ನಿಜವೇ? — ಮಿಷಿಗನ್‌ನಿಂದ ಓದುಗರೊಬ್ಬರು

ಉತ್ತರ: ಇಲ್ಲ. ಮನೆಯ ಕನ್ನಡವನ್ನು ನಿಲ್ಲಿಸಬೇಡಿ. ವ್ಯಾಕರಣದ ತಪ್ಪುಗಳು ಅರ್ಥಕ್ಕೇ ಅಡ್ಡಿಯಾಗುವಷ್ಟಿದ್ದರೆ ಆಧಾರ ಮತ್ತು ವಿವರಣೆಯ ನಾಲ್ಕು ಅಂಕಗಳಲ್ಲಿ ಕೊನೆಯದು ಸಿಗುವುದಿಲ್ಲ ಎಂದು ಅಂಕ ನೀಡುವ ನಿಯಮದಲ್ಲಿದೆ. 40 ನಿಮಿಷದಲ್ಲಿ ಬರೆದ ಮೊದಲ ಕರಡಿನಲ್ಲಿ ಸಹಜವಾಗಿ ಬರುವ ಸಣ್ಣಪುಟ್ಟ ತಪ್ಪುಗಳನ್ನು ಪರೀಕ್ಷಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದ ಮಗುವಿಗೆ ಇಂಗ್ಲಿಷ್ ವಾಕ್ಯರಚನೆ ಸಮಸ್ಯೆಯಾಗುವುದು ಅಪರೂಪ. ಓದದೇ ಇರುವುದು ಸಮಸ್ಯೆಯಾಗುತ್ತದೆ, ಅದು ಮನೆಯ ಭಾಷೆ ಯಾವುದಾದರೂ ಅಷ್ಟೇ. ಊಟದ ಹೊತ್ತಿನಲ್ಲಿ ಒಂದು ಸುದ್ದಿಯ ಬಗ್ಗೆ ಕನ್ನಡದಲ್ಲಿಯೇ ‘ನೀನು ಹೀಗೆ ಹೇಳುತ್ತೀಯಲ್ಲ, ಯಾಕೆ?’ ಎಂದು ಮಗನನ್ನು ಕೇಳುವ ತಂದೆತಾಯಿ ಆರ್ಗ್ಯುಮೆಂಟ್ ಪ್ರಬಂಧಕ್ಕೆ ಯಾವ ಟ್ಯೂಷನ್ನಿಗಿಂತಲೂ ಒಳ್ಳೆಯ ತಯಾರಿ ಕೊಡುತ್ತಿದ್ದಾರೆ. ಎಪಿ ಪಟ್ಟಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೀನಿ, ಜಪಾನಿ, ಲ್ಯಾಟಿನ್ ಇವೆ, ಭಾರತದ ಭಾಷೆ ಒಂದೂ ಇಲ್ಲ ಎಂಬುದು ಬೇರೆ ಮಾತು. ಆ ಕೊರಗಿಗೆ ಈ ಅಂಕಣದಲ್ಲಿ ಪರಿಹಾರವಿಲ್ಲ.

ಪ್ರಶ್ನೆ: ನಾನು ನಿವೃತ್ತ ಇಂಗ್ಲಿಷ್ ಅಧ್ಯಾಪಕ. ಟೆಕ್ಸಸ್‌ನಲ್ಲಿರುವ ಮೊಮ್ಮಗಳು ಎಪಿ ಲಿಟ್ ಓದುತ್ತಿದ್ದಾಳೆ. ರಜೆಯಲ್ಲಿ ಬಂದಾಗ ನನ್ನ ಕಪಾಟಿನಿಂದ ಅನಂತಮೂರ್ತಿಯವರ ‘ಸಂಸ್ಕಾರ’ದ ಇಂಗ್ಲಿಷ್ ಅನುವಾದವನ್ನು ಓದಿ, ಪರೀಕ್ಷೆಯಲ್ಲಿ ಇದರ ಬಗ್ಗೆಯೇ ಬರೆಯುತ್ತೇನೆ ಎನ್ನುತ್ತಿದ್ದಾಳೆ. ಕನ್ನಡದಿಂದ ಅನುವಾದವಾದ ಕೃತಿಯನ್ನು ಅಲ್ಲಿಯ ಪರೀಕ್ಷೆಯಲ್ಲಿ ಒಪ್ಪುತ್ತಾರೆಯೇ? ಬಾನು ಮುಷ್ತಾಕ್ ಅವರ ಕಥೆಗಳನ್ನೂ ಅವಳು ಓದಿದ್ದಾಳೆ. — ಮೈಸೂರು

ಉತ್ತರ: ಒಪ್ಪುತ್ತಾರೆ. ಲಿಟ್ ಪರೀಕ್ಷೆಯ ಮೂರು ಪ್ರಬಂಧಗಳಲ್ಲಿ ಮೊದಲನೆಯದಕ್ಕೆ ಒಂದು ಕವಿತೆಯನ್ನೂ ಎರಡನೆಯದಕ್ಕೆ ಗದ್ಯ ಕಥನದ ಒಂದು ಭಾಗವನ್ನೂ ಪ್ರಶ್ನೆಪತ್ರಿಕೆಯಲ್ಲಿಯೇ ಕೊಟ್ಟಿರುತ್ತಾರೆ. ಮೂರನೆಯದರಲ್ಲಿ ಒಂದು ವಿಷಯವನ್ನು ಮಾತ್ರ ಕೊಟ್ಟು, ಅದಕ್ಕೆ ಹೊಂದುವ ಕೃತಿಯನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಕೆಳಗೆ ಹಲವು ಕೃತಿಗಳ ಪಟ್ಟಿಯೊಂದು ಇರುತ್ತದೆ, ಆದರೆ ಅದು ನೆನಪಿಗೆ ಮಾತ್ರ. ‘ನಿಮ್ಮ ಸ್ವಂತ ಓದಿನಿಂದ ಅಥವಾ ಈ ಪಟ್ಟಿಯಿಂದ’ ಎಂಬ ಅರ್ಥದ ಸೂಚನೆ ಪ್ರಶ್ನೆಯಲ್ಲಿಯೇ ಇದೆ. ಗ್ರೀಕ್ ನಾಟಕಗಳು, ರಷ್ಯನ್ ಮತ್ತು ಸ್ಪ್ಯಾನಿಷ್ ಮೂಲದ ಕಾದಂಬರಿಗಳು ಆ ಪಟ್ಟಿಗಳಲ್ಲಿ ವರ್ಷ ವರ್ಷವೂ ಕಾಣಿಸಿಕೊಳ್ಳುವುದರಿಂದ ಅನುವಾದಕ್ಕೆ ಅಡ್ಡಿಯಿಲ್ಲ ಎಂಬುದು ಸ್ಪಷ್ಟ. 1965ರ ‘ಸಂಸ್ಕಾರ’ವನ್ನು ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದದ್ದು 1976ರಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳ ದಕ್ಷಿಣ ಏಷ್ಯಾ ಅಧ್ಯಯನದ ತರಗತಿಗಳಲ್ಲಿ ಅದು ಪರಿಚಿತ ಪುಸ್ತಕ.

ಒಪ್ಪುತ್ತಾರೆ ಎಂಬುದರಿಂದ ಅದು ಸುಲಭದ ಆಯ್ಕೆ ಎಂದಾಗುವುದಿಲ್ಲ. ಉತ್ತರಗಳನ್ನು ಓದುವವರು ಕಾಲೇಜು ಅಧ್ಯಾಪಕರು ಮತ್ತು ಅನುಭವಿ ಎಪಿ ಶಿಕ್ಷಕರು. ಅವರಲ್ಲಿ ಹೆಚ್ಚಿನವರು ಈ ಕಾದಂಬರಿಯನ್ನು ಓದಿರಲಾರರು. ಪರೀಕ್ಷಕರಿಗೆ ಗೊತ್ತಿಲ್ಲದ ಕೃತಿ ಎಂಬ ಕಾರಣಕ್ಕೆ ಅಂಕ ಕಡಿಯುವುದಿಲ್ಲ, ಆದರೆ ಪ್ರಬಂಧ ತನ್ನ ಕಾಲಮೇಲೆ ತಾನೇ ನಿಲ್ಲಬೇಕಾಗುತ್ತದೆ. ಇಲ್ಲಿ ನಿಮ್ಮ ಮೊಮ್ಮಗಳಿಗೆ ಎದುರಾಗುವ ಅಪಾಯವೆಂದರೆ ವಿವರಣೆಯ ಪ್ರವಾಹ. ಅಗ್ರಹಾರ ಎಂದರೇನು, ಮಾಧ್ವರಲ್ಲಿ ಶವಸಂಸ್ಕಾರದ ಅಧಿಕಾರ ಯಾರದು, ಶವ ಊರಿನಲ್ಲಿರುವವರೆಗೆ ಊಟವೇಕೆ ಇಲ್ಲ ಎಂದೆಲ್ಲ ವಿವರಿಸುತ್ತ ಹೋದರೆ ಸಿಗುವ ಸುಮಾರು 40 ನಿಮಿಷಗಳು ಅದರಲ್ಲಿಯೇ ಮುಗಿಯುತ್ತವೆ. ಅದಕ್ಕಿಂತ ದೊಡ್ಡ ಅಪಾಯ, ಕಾದಂಬರಿಯನ್ನು ಭಾರತೀಯ ಸಮಾಜದ ಬಗೆಗಿನ ವರದಿಯಂತೆ ಓದಿಬಿಡುವುದು. ‘ಭಾರತದಲ್ಲಿ ಜಾತಿ ಹೀಗಿತ್ತು’ ಎಂಬ ವಾಕ್ಯದಿಂದ ಆರಂಭವಾಗುವ ಪ್ರಬಂಧ ಸಾಹಿತ್ಯದ ಉತ್ತರವಾಗುವುದು ಕಷ್ಟ.

2022ರ ಪ್ರಶ್ನೆ ಶ್ರೇಣಿ ವ್ಯವಸ್ಥೆಯೊಂದನ್ನು ಒಪ್ಪುವ ಅಥವಾ ತಿರಸ್ಕರಿಸುವ ಪಾತ್ರಗಳನ್ನು ಕುರಿತದ್ದಾಗಿತ್ತು. ಪಾತ್ರದ ಆ ಪ್ರತಿಕ್ರಿಯೆ ಇಡೀ ಕೃತಿಯ ಅರ್ಥಕ್ಕೆ ಹೇಗೆ ನೆರವಾಗುತ್ತದೆ ಎಂಬುದನ್ನು ತೋರಿಸಬೇಕಿತ್ತು. ‘ಸಂಸ್ಕಾರ’ಕ್ಕೆ ಇದಕ್ಕಿಂತ ಹೊಂದುವ ಪ್ರಶ್ನೆ ಸಿಗಲಾರದು. ಆದರೂ ‘ನಾರಣಪ್ಪ ವ್ಯವಸ್ಥೆಯನ್ನು ತಿರಸ್ಕರಿಸಿದ, ಪ್ರಾಣೇಶಾಚಾರ್ಯರು ಒಪ್ಪಿಕೊಂಡರು’ ಎಂದು ಎರಡು ಕಂಬ ನೆಟ್ಟು ಬರೆದರೆ ಅದು ಕಥೆಯನ್ನೇ ಕುಗ್ಗಿಸಿದಂತೆ. ವ್ಯವಸ್ಥೆಯನ್ನು ತಿರಸ್ಕರಿಸಿದವನ ಶವವನ್ನು ಏನು ಮಾಡಬೇಕೆಂದು ಆ ವ್ಯವಸ್ಥೆಯ ಗ್ರಂಥಗಳಲ್ಲಿಯೇ ಆಚಾರ್ಯರು ಉತ್ತರ ಹುಡುಕುತ್ತಾರೆ, ಉತ್ತರ ಸಿಗುವುದಿಲ್ಲ. ನಾರಣಪ್ಪನ ಸಂಗಾತಿ ಚಂದ್ರಿ ತನ್ನ ಚಿನ್ನವನ್ನು ತಂದಿಟ್ಟ ಕೂಡಲೇ ಉಳಿದ ಬ್ರಾಹ್ಮಣರಿಗೆ ಶಾಸ್ತ್ರದಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟುತ್ತದೆ. ಕೊನೆಯಲ್ಲಿ ಆಚಾರ್ಯರು ಏನು ಮಾಡುತ್ತಾರೆ ಎಂಬುದನ್ನು ಲೇಖಕರು ಹೇಳದೆ ಬಿಡುತ್ತಾರೆ. ಒಪ್ಪುವುದು ಮತ್ತು ತಿರಸ್ಕರಿಸುವುದು ಎಂಬ ಎರಡು ತುದಿಗಳು ಒಬ್ಬನೇ ಮನುಷ್ಯನೊಳಗೆ ಹೇಗೆ ಕದಲುತ್ತವೆ ಎಂಬುದನ್ನು ಈ ಮೂರು ಪ್ರಸಂಗಗಳ ಮೂಲಕ ಬರೆದರೆ, ಅಗ್ರಹಾರ ಎಂದರೇನು ಎಂದು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಹುದು. ಪರೀಕ್ಷೆಯಲ್ಲಿ ಪುಸ್ತಕ ಕೈಯಲ್ಲಿರುವುದಿಲ್ಲ, ಉದ್ಧರಣೆಗಳು ಬಾಯಿಪಾಠ ಬರಬೇಕಾಗಿಯೂ ಇಲ್ಲ; ಆದರೆ ಇಂಥ ಖಚಿತ ಪ್ರಸಂಗಗಳು ನೆನಪಿನಲ್ಲಿರಬೇಕು. ಪಾತ್ರಗಳ ಹೆಸರುಗಳನ್ನು ರಾಮಾನುಜನ್ ಬರೆದಿರುವ ರೀತಿಯಲ್ಲಿಯೇ ಬರೆಯುವುದನ್ನು ರೂಢಿ ಮಾಡಿಕೊಳ್ಳಲಿ. ಅವರ ಹಿನ್ನುಡಿಯನ್ನೂ ಅವಳು ಓದಬೇಕು, ಆದರೆ ಕಾದಂಬರಿಯನ್ನು ಎರಡನೆಯ ಸಲ ಓದಿ ತನ್ನದೇ ಅಭಿಪ್ರಾಯ ಮೂಡಿದ ಮೇಲೆ.

ಬಾನು ಮುಷ್ತಾಕ್ ಅವರ ಕಥೆಗಳ ವಿಷಯ ಸ್ವಲ್ಪ ಬೇರೆ. ದೀಪಾ ಭಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಆ ಕಥಾಸಂಕಲನಕ್ಕೆ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಅಲ್ಲಿಯ ಶಿಕ್ಷಕರಿಗೂ ಹೆಸರು ಪರಿಚಯವಾಗಿರಬಹುದು. ಆದರೆ ಈ ಮೂರನೆಯ ಪ್ರಬಂಧಕ್ಕೆ ಕಾದಂಬರಿ ಅಥವಾ ನಾಟಕದಂಥ ದೀರ್ಘ ಕೃತಿಯೇ ಕ್ಷೇಮ. ಹತ್ತು ಪುಟದ ಕಥೆಯಲ್ಲಿ ಪಾತ್ರದ ಬೆಳವಣಿಗೆಯನ್ನು ತೋರಿಸಲು ಸಾಕಷ್ಟು ಪ್ರಸಂಗಗಳು ಸಿಗುವುದಿಲ್ಲ. ಆ ಕಥೆಗಳನ್ನು ಅವಳು ಎರಡನೆಯ ಪ್ರಬಂಧದ, ಅಂದರೆ ಗದ್ಯ ವಿಶ್ಲೇಷಣೆಯ, ಅಭ್ಯಾಸಕ್ಕೆ ಬಳಸಿಕೊಳ್ಳಬಹುದು. ಒಂದು ಪುಟವನ್ನು ಆರಿಸಿ, ಇಲ್ಲಿ ಕಥೆ ಹೇಳುತ್ತಿರುವ ದನಿ ಯಾರದು, ಆ ದನಿ ಯಾರ ಪರ ಎಂದು ನೀವೇ ಅವಳನ್ನು ಕೇಳಿ. ‘ಸಂಸ್ಕಾರ’ದ ಜೊತೆಗೆ ತರಗತಿಯಲ್ಲಿ ಓದಿದ ಇನ್ನೂ ಎರಡು ಮೂರು ಕೃತಿಗಳನ್ನು ಸಿದ್ಧವಾಗಿಟ್ಟುಕೊಂಡಿರಲಿ. ಆ ವರ್ಷದ ಪ್ರಶ್ನೆಗೆ ಹೊಂದದ ಕೃತಿಯನ್ನು ಪ್ರೀತಿಯ ಕಾರಣಕ್ಕೆ ಎಳೆದುತರುವುದು ಸಲ್ಲದು.

ಪ್ರಶ್ನೆ: ಮಗಳಿಗೆ ಲಿಟ್‌ನಲ್ಲಿ ಕಾದಂಬರಿಗಳು ಇಷ್ಟ, ಕವಿತೆ ಎಂದರೆ ಭಯ. ಪರೀಕ್ಷೆಯಲ್ಲಿ ಹಿಂದೆಂದೂ ಓದದ ಪದ್ಯ ಬರುತ್ತದಂತೆ. ಏನು ಮಾಡುವುದು? — ವರ್ಜೀನಿಯಾ

ಉತ್ತರ: ಓದದ ಪದ್ಯ ಬರುವುದು ನಿಜ, ಬಹು ಆಯ್ಕೆಯ 55 ಪ್ರಶ್ನೆಗಳಲ್ಲಿಯೂ ಕೆಲವು ಪದ್ಯಗಳ ಮೇಲೆಯೇ ಇರುತ್ತವೆ. ಕವಿ ಯಾರು, ಯಾವ ಪಂಥ ಎಂಬ ತಿಳಿವಳಿಕೆಯನ್ನು ಯಾರೂ ನಿರೀಕ್ಷಿಸುವುದಿಲ್ಲ ಎಂಬುದನ್ನು ಮೊದಲು ಅವಳಿಗೆ ಹೇಳಿ. ಅಲಂಕಾರಗಳ ಹೆಸರುಗಳನ್ನು ಪಟ್ಟಿ ಮಾಡಿ ಕಲಿಯುವ ಅಭ್ಯಾಸ ಅಲ್ಲಿಯ ಮಕ್ಕಳಿಗೂ ಇದೆ. ಅದರಿಂದ ಲಾಭ ಅಲ್ಪ, ಏಕೆಂದರೆ ‘ಇಲ್ಲಿ ರೂಪಕವಿದೆ’ ಎಂದಷ್ಟೇ ಬರೆದರೆ ಅಂಕ ಬರುವುದಿಲ್ಲ. ಪ್ರಶ್ನೆಯಲ್ಲಿ ಸಾಮಾನ್ಯವಾಗಿ ನಿರೂಪಕನ ‘ಸಂಕೀರ್ಣ’ ಭಾವವನ್ನು ಅಥವಾ ಸಂಬಂಧವನ್ನು ವಿಶ್ಲೇಷಿಸಿ ಎಂದಿರುತ್ತದೆ. ಅಂದರೆ ಪದ್ಯದಲ್ಲಿ ಕನಿಷ್ಠ ಎರಡು ಭಾವಗಳು ಒಂದನ್ನೊಂದು ಎಳೆಯುತ್ತಿವೆ ಎಂದು ಪ್ರಶ್ನೆ ಕೇಳಿದವರೇ ಸೂಚಿಸಿಬಿಟ್ಟಿದ್ದಾರೆ. ಪದ್ಯವನ್ನು ಎರಡು ಸಲ ಓದಿ, ಒಂದು ಭಾವದಿಂದ ಇನ್ನೊಂದಕ್ಕೆ ಮಾತು ತಿರುಗುವ ಸಾಲು ಯಾವುದು ಎಂದು ಪತ್ತೆ ಹಚ್ಚುವುದು ಮೊದಲ ಕೆಲಸ. ಅನೇಕ ಪದ್ಯಗಳಲ್ಲಿ ‘ಆದರೂ’ ಎಂಬ ಅರ್ಥದ ಒಂದು ಪುಟ್ಟ ಪದ ಅಲ್ಲಿ ಕಾದು ಕುಳಿತಿರುತ್ತದೆ. ಆ ತಿರುವಿಗೆ ಮುಂಚಿನ ಚಿತ್ರಗಳಿಗೂ ಅನಂತರದ ಚಿತ್ರಗಳಿಗೂ ಇರುವ ವ್ಯತ್ಯಾಸವನ್ನು ಬರೆದರೆ ಪ್ರಬಂಧದ ಅರ್ಧ ಭಾಗ ಆದಂತೆಯೇ. ಬೇಂದ್ರೆಯವರ ಅಥವಾ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯವೊಂದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ, ಮಾತು ಎಲ್ಲಿ ತಿರುಗಿತು ಎಂದು ಕೇಳಿದರೂ ಅದೇ ಅಭ್ಯಾಸ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಹನ್ನೊಂದನೆಯ ತರಗತಿಯ ವಿದ್ಯಾರ್ಥಿನಿ. ನಮ್ಮ ಕಾಲೇಜಿನಲ್ಲಿ ಎಪಿ ಇಲ್ಲ. ಸ್ವಂತವಾಗಿ ಓದಿ ಲ್ಯಾಂಗ್ ಮತ್ತು ಲಿಟ್ ಎರಡೂ ಪರೀಕ್ಷೆಗಳನ್ನು ಬರೆಯಬಹುದೇ? ಕಾಲೇಜಿನ ಕ್ರೆಡಿಟ್ ನಿಜವಾಗಿ ಸಿಗುತ್ತದೆಯೇ?

ಉತ್ತರ: ಬರೆಯಬಹುದು. ಕೋರ್ಸಿಗೆ ಸೇರದೆಯೂ ಪರೀಕ್ಷೆ ಬರೆಯಲು ಅವಕಾಶವಿದೆ. ಆದರೆ ಕಾಲೇಜ್ ಬೋರ್ಡಿನಲ್ಲಿ ನೇರವಾಗಿ ಹೆಸರು ನೋಂದಾಯಿಸಲು ಆಗುವುದಿಲ್ಲ. ಪರೀಕ್ಷೆ ನಡೆಸುವ, ಹೊರಗಿನ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಶಾಲೆಯೊಂದನ್ನು ಹುಡುಕಿ ಅವರ ಮೂಲಕ ಹೋಗಬೇಕು. ಮೇ ತಿಂಗಳ ಪರೀಕ್ಷೆಗೆ ಹಿಂದಿನ ನವೆಂಬರಿನೊಳಗೇ ಏರ್ಪಾಡು ಮುಗಿಯಬೇಕಾದ್ದರಿಂದ ಜೂನ್, ಜುಲೈಯಲ್ಲಿಯೇ ವಿಚಾರಿಸಲು ಆರಂಭಿಸಿ. ಅಮೆರಿಕದೊಳಗೆ ಒಂದು ಪರೀಕ್ಷೆಯ ಶುಲ್ಕ ಸುಮಾರು 100 ಡಾಲರ್. ಹೊರದೇಶಗಳಲ್ಲಿ ಅದಕ್ಕಿಂತ ಹೆಚ್ಚು, ಅದರ ಮೇಲೆ ಶಾಲೆಯವರು ತಮ್ಮ ವೆಚ್ಚವನ್ನೂ ಸೇರಿಸಬಹುದು. 2025ರಿಂದ ಎರಡೂ ಪರೀಕ್ಷೆಗಳು ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ ಸಂಪೂರ್ಣವಾಗಿ ಕಂಪ್ಯೂಟರ್ ಮೇಲೆಯೇ ನಡೆಯುತ್ತಿವೆ. ಎರಡು ಗಂಟೆ ಸತತವಾಗಿ ಟೈಪ್ ಮಾಡುತ್ತ ಯೋಚಿಸುವುದು, ಇಷ್ಟು ವರ್ಷ ಪೆನ್ನಿನಲ್ಲಿ ಬರೆದವರಿಗೆ ಅಭ್ಯಾಸದಿಂದಲೇ ಬರಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದಿರುವುದರಿಂದ ಬಹು ಆಯ್ಕೆಯ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಎರಡನ್ನೂ ಒಂದೇ ವರ್ಷ ಬರೆಯುವುದನ್ನು ನಾನು ಬೆಂಬಲಿಸುವುದಿಲ್ಲ. ಕಲನಶಾಸ್ತ್ರದ ಪರೀಕ್ಷೆಗೆ ಒಬ್ಬರೇ ಕುಳಿತು ತಯಾರಾಗಬಹುದು, ಉತ್ತರ ಸರಿಯೋ ತಪ್ಪೋ ಎಂಬುದು ಪುಸ್ತಕದ ಹಿಂದೆಯೇ ಇರುತ್ತದೆ. ಬರವಣಿಗೆಗೆ ಓದಿ ಅಭಿಪ್ರಾಯ ಹೇಳುವ ಇನ್ನೊಬ್ಬರು ಬೇಕೇ ಬೇಕು. ನಿಮ್ಮ ಪ್ರಬಂಧಗಳನ್ನು ವಾರಕ್ಕೊಮ್ಮೆ ಓದಿ ತಿದ್ದುವ ಅಧ್ಯಾಪಕರೊಬ್ಬರು ಸಿಕ್ಕರೆ ಲ್ಯಾಂಗ್ ಬರೆಯಿರಿ. ಸಿಗದಿದ್ದರೆ ಆ ಹಣವನ್ನು ಪುಸ್ತಕಗಳಿಗೆ ಬಳಸಿ. ಎಲ್ಲ ವಿಷಯಕ್ಕೂ ಹೊಂದುತ್ತದೆ ಎಂದು ಹೇಳಿ ಸಿದ್ಧ ಪ್ರಬಂಧದ ಅಚ್ಚುಗಳನ್ನು ಬಾಯಿಪಾಠ ಮಾಡಿಸುವ ಕೋಚಿಂಗ್‌ಗಳಿಗೆ ಮಾತ್ರ ಸೇರಬೇಡಿ. ಪಿಯುಸಿಯ ಇಂಗ್ಲಿಷಿನಲ್ಲಿ ನೋಟ್ಸ್ ಓದಿ ಅಂಕ ತೆಗೆದ ಅಭ್ಯಾಸ ಈ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬಾರದು.

ಕ್ರೆಡಿಟ್ (ಎಪಿ ಅಂಕವನ್ನು ನೋಡಿ ಕಾಲೇಜಿನ ಪಾಠದ ಒಂದು ಭಾಗವನ್ನು ಮುಗಿಸಿದಂತೆ ಎಣಿಸುವುದು) ವಿಷಯದಲ್ಲಿ ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ನಿಯಮ. ಫಲಿತಾಂಶ 1ರಿಂದ 5ರವರೆಗಿನ ಅಂಕವಾಗಿ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ 3 ಅಥವಾ ಹೆಚ್ಚು ಬಂದರೆ ಕ್ರೆಡಿಟ್ ಉಂಟು, ಆದರೆ ಎರಡೂ ಇಂಗ್ಲಿಷ್ ಪರೀಕ್ಷೆಗಳನ್ನು ಬರೆದರೂ ಎರಡಕ್ಕೂ ಸೇರಿ ಒಂದೇ ಮಿತಿಯ ಕ್ರೆಡಿಟ್ ಕೊಡುತ್ತಾರೆ. ಅನೇಕ ಖಾಸಗಿ ವಿಶ್ವವಿದ್ಯಾಲಯಗಳು 4 ಅಥವಾ 5 ಕೇಳುತ್ತವೆ. ಇನ್ನು ಕೆಲವು ಎಷ್ಟೇ ಅಂಕ ಬಂದರೂ ಮೊದಲ ವರ್ಷದ ಬರವಣಿಗೆಯ ತರಗತಿಯಿಂದ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ನೀವು ಅರ್ಜಿ ಹಾಕಲಿರುವ ವಿಶ್ವವಿದ್ಯಾಲಯಗಳ ಜಾಲತಾಣಗಳಲ್ಲಿ ಎಪಿ ಕ್ರೆಡಿಟ್ ಪಟ್ಟಿ ಇರುತ್ತದೆ; ಶುಲ್ಕ ಕಟ್ಟುವ ಮೊದಲು ಅದರಲ್ಲಿ ಲ್ಯಾಂಗ್‌ಗೆ ಏನು, ಲಿಟ್‌ಗೆ ಏನು ಎಂದು ಬೇರೆ ಬೇರೆಯಾಗಿ ನೋಡಿಕೊಳ್ಳಿ.